ಬೆಳ್ಳಕ್ಕಿಯ ಎಡ ಸೀಟು

ಬಂಡೂರು, ಮಳವಳ್ಳಿ ತಾಲ್ಲೂಕು
23 ಫೆಬ್ರುವರಿ 2025

ಮಗಳು ಸೌಮ್ಯಳಿಗೆ, ಅಪ್ಪ ನಿಂಗಯ್ಯನ ಜೈಭೀಮ್.

ಮೊನ್ನೆ ನೀನು ನಿಮ್ಮವ್ವನ ಜೊತೆ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದೆ. ಆಮೇಲೆ ಅವಳು ಫೋನನ್ನು ನನ್ನ ಕಿವಿಗಿಟ್ಟಳು. ನನಗೆ ಕೇಳಿಸಿದ್ದು ಜೀರುಂಡೆ ಸದ್ದು ಮಾತ್ರ. ರೈಸ್ ಮಿಲ್ಲಿನಲ್ಲಿ ರೈಟರ್ ಆಗಿ, ಮಿಷಿನ್ನಿನ ಪಕ್ಕದಲ್ಲೇ ಕೂತು ಲೆಕ್ಕ ಬರೆದ ಕಿವಿ ಇದು, ಅದರ ಮೇಲೆ ನನಗೆ ಸಿಟ್ಟೇನಿಲ್ಲ. ಆದರೆ ಫೋನಿನ ಗಾಜಿನ ಮೇಲೆ ಬೆರಳಾಡಿಸಿ ಬರೆಯುವುದು ನನಗೆ ಒಗ್ಗುವುದಿಲ್ಲ. ನೀನು ಹಾಸ್ಟೆಲಿನಲ್ಲಿದ್ದಾಗ ಬರೆಯುತ್ತಿದ್ದ ಹಾಗೆ ಕಾಗದವನ್ನೇ ಬರೆಯುತ್ತೇನೆ, ನೀನೂ ಹಾಗೆಯೇ ಉತ್ತರ ಕೊಡು.

ವಿಷಯಕ್ಕೆ ಬರುತ್ತೇನೆ. ನೀನು ಶಹಾಪುರದ ಕಾಲೇಜಿಗೆ ಇತಿಹಾಸ ಪಾಠ ಹೇಳಲು ಹೋದ ವರ್ಷ ಸನ್ನತಿಯ ಹಳೇ ಬೌದ್ಧ ನೆಲೆಯ ಫೋಟೊ ಕಳಿಸಿದ್ದೆಯಲ್ಲ, ಅಶೋಕ ಚಕ್ರವರ್ತಿಯನ್ನು ಕೆತ್ತಿದ ಕಲ್ಲು, ಅದಕ್ಕೆ ನಿಮ್ಮವ್ವ ಕಟ್ಟು ಹಾಕಿಸಿ ಬುದ್ಧನ ಪಟದ ಪಕ್ಕ ತೂಗುಹಾಕಿದ್ದಾಳೆ. ನಿನ್ನೆ ಅದರ ಧೂಳು ಒರೆಸುತ್ತಾ ನಿಂತವಳು ನನ್ನ ಕಡೆ ತಿರುಗಿ ಕಿವಿಗೇ ಬಾಯಿಟ್ಟು ಹೇಳಿದಳು: "ಈ ಸಲ ಬುದ್ಧ ಪೂರ್ಣಿಮೆಗೆ ಅಲ್ಲಿಗೋಗಿ ನಾನೊಂದು ದೀಪ ಅಚ್ಬೇಕು. ಕರ್ಕೊಂಡೋಯ್ತೀರಾ?"

ಮದುವೆಯಾದಾಗಿನಿಂದ ಅವಳು ನನ್ನನ್ನು ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲ. ಸೀರೆ ತಂದರೂ "ಯಾಕೆ ತಂದ್ರಿ, ಇದ್ವಲ್ಲ" ಅನ್ನುವವಳು. ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ, ಬರುವುದೂ ಬೇಡ. ನಮ್ಮ ಬೆಳ್ಳಕ್ಕಿಯಲ್ಲೇ, ನಾನೇ ಓಡಿಸಿಕೊಂಡು ಅವಳನ್ನು ಕರೆತರುತ್ತೇನೆ. ಕಾರಿಗೆ ಆ ಹೆಸರಿಟ್ಟವಳು ನೀನೇ. ಈಗ ಅದರ ಬಿಳಿ ಬಣ್ಣ ಮಾಸಿದೆ, ಆದರೆ ಇಂಜಿನ್ನು ಗಟ್ಟಿಯಾಗಿದೆ. ಬಿಸಿಲು ಏರುವ ಮೊದಲೇ ಅದನ್ನು ಸಜ್ಜು ಮಾಡಲು ಶುರುಮಾಡಿದ್ದೇನೆ. ನಿನಗೆ ಏನು ತೋಚುತ್ತದೋ ಬರಿ.

ನಿನ್ನ ಅಪ್ಪ,
ನಿಂಗಯ್ಯ


ಶಹಾಪುರ
5 ಮಾರ್ಚ್ 2025

ಪ್ರೀತಿಯ ಅಪ್ಪಾ, ಜೈಭೀಮ್.

ನಿಮ್ಮ ಅಕ್ಷರ ನೋಡಿ ಎಷ್ಟು ದಿನವಾಗಿತ್ತು! ಸ್ಟಾಫ್ ರೂಮಿನಲ್ಲಿ ಲಕೋಟೆ ಒಡೆದಾಗ ಎಲ್ಲರೂ ಮದುವೆ ಕರೆಯೋಲೆ ಅಂದುಕೊಂಡರು. ಅಪ್ಪನ ಕಾಗದ ಅಂದೆ. ಪಕ್ಕದವರು "ನಿಮ್ಮ ಪುಣ್ಯ" ಅಂದರು.

ಅವ್ವ ಕೇಳಿದ್ದಾಳೆ ಅಂದಮೇಲೆ ಆಗಲೇಬೇಕು. ಆದರೆ ಅಪ್ಪಾ, ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು ನಮ್ಮ ಕಡೆಯ ಬಿಸಿಲಲ್ಲ. ಹನ್ನೊಂದು ಗಂಟೆಗೆ ರಸ್ತೆಗಳು ಬಿಕೋ ಅನ್ನುತ್ತವೆ. ನೀವು ರೈಲಿನಲ್ಲಿ ಯಾದಗಿರಿಗೆ ಬಂದುಬಿಟ್ಟರೆ ನಾನೇ ಬಂದು ಕರೆದುಕೊಂಡು ಹೋಗಬಹುದು, ಯೋಚನೆ ಮಾಡಿ. ಕಾರೇ ಆಗಬೇಕು ಅಂದರೆ ಮೊದಲು ಟೈರು ನೋಡಿಸಿ. ಮೇಲಿನ ಗೆರೆಗಳು ಸವೆದಿಲ್ಲ ಅಂತ ಸುಮ್ಮನಾಗಬೇಡಿ, ಹೆಚ್ಚು ಓಡದೆ ನಿಂತ ಕಾರಿನ ಟೈರು ಬದಿಯಲ್ಲಿ ಬಿರುಕು ಬಿಟ್ಟಿರುತ್ತದೆ, ಕಾದ ರಸ್ತೆಯಲ್ಲಿ ಅಂಥದ್ದೇ ಸಿಡಿಯುವುದು. ಗಾಳಿಯನ್ನು ಬೆಳಗಿನ ತಂಪಿನಲ್ಲೇ ಹಿಡಿಸಿ. ಸ್ಟೆಪ್ನಿ ಮರೆಯಬೇಡಿ. ಹಿಂದಿನ ಸೀಟಿನ ಬೆಲ್ಟು ನಾನಿದ್ದಾಗಲೇ ಸಿಕ್ಕಿಹಾಕಿಕೊಂಡಿತ್ತು. ರೇಡಿಯೇಟರಿಗೆ ಬೋರಿನ ನೀರು ಹಾಕುವುದನ್ನು ನಿಲ್ಲಿಸಿ, ಕೂಲೆಂಟ್ ಅಂತ ಸಿಗುತ್ತದೆ, ಮೆಕ್ಯಾನಿಕ್ ಮಹದೇವಣ್ಣನಿಗೆ ಗೊತ್ತು.

ಇನ್ನೊಂದು ಮಾತು. ಕಿವಿಯ ಮಿಷಿನ್ನು ಹಾಕಿಕೊಳ್ಳುತ್ತಿದ್ದೀರಿ ತಾನೆ?

ನಿಮ್ಮ ಮಗಳು,
ಸೌಮ್ಯ


ಬಂಡೂರು
19 ಮಾರ್ಚ್ 2025

ಮಗಳು ಸೌಮ್ಯಳಿಗೆ ಜೈಭೀಮ್.

ನೀನು ನಗುತ್ತೀಯ ಅಂತ ಗೊತ್ತಿದ್ದೂ ಬರೆಯುತ್ತಿದ್ದೇನೆ.

ಟೈರು ನಾಲ್ಕೂ ಹೊಸದಾಯಿತು. ನೀನು ಹೇಳಿದ ಹಾಗೇ ಬದಿಯಲ್ಲಿ ಬಿರುಕಿತ್ತು, ನನ್ನ ಉಗುರೇ ಒಳಗೆ ಹೋಯಿತು. ಅಲ್ಲಿಯವರೆಗೆ ಸರಿ. ರೇಡಿಯೇಟರಿನಲ್ಲಿ ಸಣ್ಣದೊಂದು ಸೋರಿಕೆ ಕಾಣಿಸಿತು, ಬೆವರಿನಷ್ಟೇ. ಮದ್ದೂರಿನ ಮಹದೇವು ಹೊಸದು ಹಾಕಬೇಕು ಅಂದ. ನನಗೆ ನಮ್ಮ ಮಿಲ್ಲಿನ ಹಳೇ ಲಾರಿ ನೆನಪಾಯಿತು. ಅದು ಸೋರಿದರೆ ಡ್ರೈವರು ಒಂದು ಹಿಡಿ ರಾಗಿ ಹಿಟ್ಟು ಸುರಿದುಬಿಡುತ್ತಿದ್ದ, ಒಳಗೇ ಬೆಂದು ತೂತಿಗೆ ಮೆತ್ತಿಕೊಂಡು ಸೋರುವುದು ನಿಂತುಹೋಗುತ್ತಿತ್ತು. ಆ ಲಾರಿಗೆ ಒಂದು ಹಿಡಿಯಾದರೆ ನಮ್ಮ ದೂರದ ಪ್ರಯಾಣಕ್ಕೆ ಎರಡು ಹಿಡಿ ಇರಲಿ ಅಂತ ಹಾಕಿದೆ.

ಮಳವಳ್ಳಿ ಸಂತೆಗೆ ಹೋಗಿ ಬರುವಾಗ ನಿಮ್ಮವ್ವ ಇದ್ದಕ್ಕಿದ್ದ ಹಾಗೆ ನನ್ನ ತೊಡೆ ಚಿವುಟಿ ನಿಲ್ಲಿಸಿದಳು. "ಕಾರಿನೊಟ್ಟೆ ಗುಡುಗುಡು ಅಂತದೆ" ಅಂದಳು. ನನಗೇನೂ ಕೇಳಿಸಲಿಲ್ಲ. ಬಾನೆಟ್ಟು ಎತ್ತಿದರೆ ಹಬೆ. ಟೋ ಮಾಡಿಸಿಕೊಂಡು ಮದ್ದೂರಿಗೆ ಹೋದೆವು. ಮಹದೇವು ಪೈಪು ಬಿಚ್ಚಿದ. ಕೆಂಪಗೆ, ಗಟ್ಟಿಯಾಗಿ, ಲೊಳಕ್ ಅಂತ ಬಿತ್ತು.

ಅವನು ಅದನ್ನು ಬೆರಳಲ್ಲಿ ಮುಟ್ಟಿ, ಮೂಸಿ, ನನ್ನ ಮುಖ ನೋಡಿದ. "ಅಣ್ಣೋ, ಇದ್ಕೆ ಅಂಬ್ಲಿ ಕುಡ್ಸಿದ್ದೀಯಲ್ಲಾ! ಉಪ್ಪಾಕಿದ್ದಾ ಇಲ್ವಾ?"

ಅಂಗಡಿ ಮುಂದೆ ನಿಂತವರೆಲ್ಲ ಬಿದ್ದು ಬಿದ್ದು ನಕ್ಕರು. ನಿಮ್ಮವ್ವ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ಆ ಕಡೆ ತಿರುಗಿದಳು, ಹೆಗಲು ಕುಣಿಯುತ್ತಿತ್ತು. ಈ ಕಾರಿನ ನಾಳಗಳು ಸಣ್ಣ, ಲಾರಿಯವು ದಪ್ಪ, ಅಷ್ಟೇ ವ್ಯತ್ಯಾಸ. ಹೊಸ ರೇಡಿಯೇಟರು ಹಾಕಿಸಿದೆ. ಕೂಲೆಂಟೂ ಹಾಕಿಸಿದೆ, ಪಚ್ಚೆ ಬಣ್ಣದ್ದು. ಹಿಂದಿನ ಬೆಲ್ಟು ಸರಿಹೋಯಿತು. ಫ್ಯಾನ್ ಬೆಲ್ಟು, ಬ್ಯಾಟರಿ, ಬ್ರೇಕು ಎಲ್ಲ ನೋಡಿದ್ದಾನೆ. ಏಸಿ ಈಗ ಕೊರೆಯುತ್ತದೆ.

ನಿನ್ನ ಅಪ್ಪ,
ನಿಂಗಯ್ಯ


ಶಹಾಪುರ
28 ಮಾರ್ಚ್ 2025

ಪ್ರೀತಿಯ ಅಪ್ಪಾ,

ನಕ್ಕೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆಮೇಲೆ ಕಾಗದವನ್ನು ಇನ್ನೊಮ್ಮೆ ಓದಿದೆ, ನಗು ನಿಂತುಹೋಯಿತು.

ಒಂದು ಸಾಲು ಅಲ್ಲಿ ಸಿಕ್ಕಿತು. "ನನಗೇನೂ ಕೇಳಿಸಲಿಲ್ಲ." ಮತ್ತೆ ನಾನು ಮಿಷಿನ್ನಿನ ಬಗ್ಗೆ ಕೇಳಿದ್ದಕ್ಕೆ ನಿಮ್ಮ ಕಾಗದದಲ್ಲಿ ಉತ್ತರವೇ ಇಲ್ಲ. ಅವ್ವನಿಗೆ ಫೋನ್ ಮಾಡಿ ಕೇಳಿದೆ. ಅವಳು ಮೊದಲು ಮಾತು ತೇಲಿಸಿದಳು, ಗದರಿದ ಮೇಲೆ ಹೇಳಿದಳು. ಮಿಷಿನ್ನು ಬೀರುವಿನಲ್ಲಿ ಹಾಗೇ ಇದೆಯಂತೆ. ಹಿಂದಿನ ಲಾರಿ ಹಾರ್ನ್ ಮಾಡಿದರೂ ನಿಮಗೆ ಕೇಳಿಸುವುದಿಲ್ಲವಂತೆ. ಅಪ್ಪಾ, ಹೊಸ ಟೈರು ಹಾಕಿಸಿದ್ದೀರಿ, ರೇಡಿಯೇಟರು ಹಾಕಿಸಿದ್ದೀರಿ. ಓಡಿಸುವವರನ್ನು ಯಾರು ನೋಡಬೇಕು?

ನೀವು ಅಷ್ಟು ದೂರ ಓಡಿಸಕೂಡದು. ಮಹದೇವಣ್ಣನಿಗೆ ಹೇಳಿದರೆ ಒಬ್ಬ ಡ್ರೈವರನ್ನು ಕೊಡುತ್ತಾನೆ, ನೀವು ಪಕ್ಕದಲ್ಲಿ ಕೂತುಕೊಳ್ಳಿ. ಇದು ನಿಮ್ಮನ್ನು ನೋಯಿಸುತ್ತದೆ ಅಂತ ಗೊತ್ತು. ಆದರೂ ಬರೆಯುತ್ತಿದ್ದೇನೆ. ನನಗಿರುವುದು ನೀವಿಬ್ಬರೇ.

ಸೌಮ್ಯ


ಬಂಡೂರು
13 ಏಪ್ರಿಲ್ 2025

ಸೌಮ್ಯ, ನಾನು ಕಣವ್ವ, ನಿಮ್ಮವ್ವ.

ಅಂಗನವಾಡಿಯ ರಿಜಿಸ್ಟರು ಬಿಟ್ಟರೆ ನಾನು ಇಷ್ಟುದ್ದ ಬರೆದವಳಲ್ಲ. ಅಕ್ಷರ ಸೊಟ್ಟ ಇದ್ದರೆ ಸುಮ್ಮನೆ ಓದಿಕೊ. ಫೋನಿನಲ್ಲಿ ಹೇಳೋಣ ಅಂದರೆ ಅರ್ಧದಲ್ಲೇ ಮಾತು ಬೇರೆ ಕಡೆ ಹೋಗುತ್ತದೆ. ಅದಕ್ಕೇ ಇವರ ಪೆನ್ನು ತಗೊಂಡು ಕೂತಿದ್ದೇನೆ.

ನಿನ್ನ ಕಾಗದ ಬಂದಾಗಿನಿಂದ ನಿಮ್ಮಪ್ಪ ಮಾತು ಬಿಟ್ಟಿದ್ದಾರೆ. ಮುದ್ದೆ ಇಟ್ಟರೆ ಉಣ್ಣುತ್ತಾರೆ, ಸಾರು ಹೆಂಗದೆ ಅಂದರೆ ತಲೆ ಆಡಿಸುತ್ತಾರೆ. ಸಂಜೆಯಾದರೆ ಕೊಟ್ಟಿಗೆಗೆ ಹೋಗಿ ಕಾರಿನಲ್ಲಿ ಸುಮ್ಮನೆ ಕೂತುಕೊಳ್ಳುತ್ತಾರೆ. ಒಂದು ದಿನ ಕರೆಯೋಕೆ ಹೋದೆ. "ನನ್ ಕೈಯಿಂದ ಸ್ಟೇರಿಂಗ್ ಕಿತ್ಕೊಂಡ್ಬುಟ್ಲು ಕಣೆ ನಿನ್ ಮಗಳು" ಅಂದರು. ನನ್ನ ಮಗಳಂತೆ. ಫಸ್ಟ್ ಕ್ಲಾಸ್ ಬಂದಾಗ ಮಾತ್ರ ಅವರ ಮಗಳು.

ಈಗ ನಿನಗೆ ಗೊತ್ತಿಲ್ಲದ್ದು ಒಂದು ಹೇಳುತ್ತೇನೆ. ನೀನು ಆ ಊರಿಗೆ ಹೋದ ಮೇಲೆ ಇವರ ಕಿವಿ ಪೂರಾ ಮಂದವಾಯಿತು. ಮಿಷಿನ್ನು ಹಾಕಿದರೆ ಕಾರಿನ ಗಾಳಿಗೆ ಕೀ ಅನ್ನುತ್ತದೆ, ತಲೆನೋವು ಅಂತ ತೆಗೆದಿಟ್ಟರು. ಅವತ್ತಿನಿಂದ ನಾನು ಎಡ ಸೀಟಿನಲ್ಲಿ ಸುಮ್ಮನೆ ಕೂರುವುದಿಲ್ಲ. ಹಿಂದೆ ಹಾರ್ನ್ ಕೇಳಿಸಿದರೆ ಇವರ ಎಡ ಮೊಣಕಾಲಿಗೆ ಒಂದು ಸಲ ತಟ್ಟುತ್ತೇನೆ, ಇವರು ಪಕ್ಕಕ್ಕೆ ಸರಿಯುತ್ತಾರೆ. ನಿಲ್ಲಿಸಬೇಕು ಅಂದರೆ ಎರಡು ಸಲ. ಕಾರಿನ ಸದ್ದೇ ಕೆಟ್ಟರೆ ಚಿವುಟುತ್ತೇನೆ. ನಾವು ಇಬ್ಬರೂ ಯಾವತ್ತೂ ಹಿಂಗೆ ಮಾಡೋಣ ಅಂತ ಮಾತಾಡಿಕೊಂಡಿಲ್ಲ, ಅದು ಹಂಗೇ ಆಯಿತು. ಮದ್ದೂರು, ಮಂಡ್ಯ, ಮೈಸೂರು ಎಲ್ಲ ಹಿಂಗೇ ಓಡಾಡಿದ್ದೇವೆ. ಅವರ ಕಿವಿ ಇರೋದು ನನ್ನ ಕೈಯಲ್ಲಿ ಕಣವ್ವ.

ನೀನು ಹೇಳುವುದು ತಪ್ಪು ಅನ್ನಲ್ಲ. ಆದರೆ ನನ್ನಿಂದ ಅಪ್ಪ ಮಗಳು ಮುಖ ತಿರುಗಿಸಿಕೊಳ್ಳೋದು ಬೇಡ. ಸನ್ನತಿ ಎಲ್ಲಿಗೂ ಓಡಿಹೋಗಲ್ಲ. ದೀಪ ಇಲ್ಲೇ ಪಟದ ಮುಂದೆ ಹಚ್ಚಿಕೊಳ್ಳುತ್ತೇನೆ ಬುಡು. ನಾಳೆ ಬಾಬಾಸಾಹೇಬರ ಜಯಂತಿ, ಪಾಯಸಕ್ಕೆ ಶ್ಯಾವಿಗೆ ಹುರಿಯಬೇಕು. ಹೊತ್ತಿಗೆ ಸರಿಯಾಗಿ ಉಣ್ಣು.

ನಿಮ್ಮವ್ವ,
ಮಂಚಮ್ಮ


ಬಂಡೂರು
22 ಏಪ್ರಿಲ್ 2025

ಮಗಳು ಸೌಮ್ಯಳಿಗೆ ಜೈಭೀಮ್.

ಇಷ್ಟು ದಿನ ಬರೆಯಲಿಲ್ಲ. ಸಿಟ್ಟಿತ್ತು. ಈಗ ಇಲ್ಲ. ಯಾಕೆ ಇಲ್ಲ ಅಂತ ಹೇಳುತ್ತೇನೆ.

ಹೋದ ಭಾನುವಾರ ವೈದ್ಯನಾಥಪುರಕ್ಕೆ, ನಿನ್ನ ಚಿಕ್ಕವ್ವ ಚಲುವಮ್ಮನ ಮನೆಗೆ ಹೋಗಿದ್ದೆವು. ಹೊರಡುವಾಗ ನಿಮ್ಮವ್ವನಿಗೆ ಹೇಳಿದ್ದೆ, ಇದು ಪರೀಕ್ಷೆ, ಹೋಗಿ ಬರುವ ದಾರಿಯಲ್ಲಿ ಒಂದು ತಪ್ಪೂ ಆಗದಿದ್ದರೆ ಮಗಳಿಗೆ ಬರೆದುಬಿಡುತ್ತೇನೆ, ನಾನೇ ಓಡಿಸುತ್ತೇನೆ ಅಂತ. ಹೋಗುವಾಗ ಹೂವಿನ ಹಾಗೆ ಹೋದೆವು. ಚಲುವಿ ಬಾಡೂಟ ಮಾಡಿದ್ದಳು. ಬರುವಾಗ ನಿಮ್ಮವ್ವ ಬಿಪಿ ಮಾತ್ರೆ ನುಂಗಿ ಕಾರು ಹತ್ತಿದಳು. ಉರಿಬಿಸಿಲು, ಕೊರೆಯುವ ಏಸಿ.

ಮದ್ದೂರು ಇನ್ನೇನು ಸಿಗಬೇಕು ಅನ್ನುವಾಗ, ರಸ್ತೆಯ ಬದಿಯ ಅಂಗಡಿಯವರು ನನ್ನ ಕಡೆ ಕೈ ಬೀಸುತ್ತಿದ್ದರು. ಬೈಯುತ್ತಿದ್ದ ಹಾಗಿತ್ತು. ಯಾಕೆ ಅಂತ ತಿಳಿಯಲಿಲ್ಲ. ಕನ್ನಡಿ ನೋಡಿದೆ. ಹಿಂದೆಯೇ ಆಂಬುಲೆನ್ಸು, ತಲೆಯ ಮೇಲೆ ಕೆಂಪು ದೀಪ ತಿರುಗುತ್ತಿತ್ತು. ಎಷ್ಟು ಹೊತ್ತಿನಿಂದ ನನ್ನ ಹಿಂದೆ ಕೂಗಿಕೊಳ್ಳುತ್ತಿತ್ತೋ! ಪಕ್ಕದಲ್ಲಿ ನಿಮ್ಮವ್ವ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು. ಅವಳ ಕೈ ನನ್ನ ಮೊಣಕಾಲಿನ ಮೇಲೇ ಇತ್ತು. ಸುಮ್ಮನೆ ಇತ್ತು.

ಕಾರನ್ನು ಮಣ್ಣಿಗಿಳಿಸಿದೆ. ಆಂಬುಲೆನ್ಸು ಹಾದುಹೋಗುವಾಗ ಒಳಗೆ ಯಾರೋ ಸಲೈನ್ ಬಾಟಲಿ ಎತ್ತಿ ಹಿಡಿದಿದ್ದ ಕೈ ಕಾಣಿಸಿತು. ಕುಲುಕಿಗೆ ನಿಮ್ಮವ್ವ ಎದ್ದು ಎಲ್ಲವನ್ನೂ ನೋಡಿದಳು. "ಅಯ್ಯೋ, ನಾನ್ ನಿದ್ದೆ ಮಾಡ್ಬುಟ್ನಾ?" ಅಂದಳು. ಅದೊಂದು ಮಾತು ಕೇಳಿಸಿತು ನೋಡು, ತುಟಿ ನೋಡಿ ತಿಳಿಯಿತೋ ಏನೋ. ಅವಳು ಅಳುವುದಕ್ಕೆ ಶುರುಮಾಡಿದಳು. ಅವಳದೇನು ತಪ್ಪು? ಇಷ್ಟು ವರ್ಷ ಅವಳು ಒಂದು ದಿನವಾದರೂ ಕಾರಿನಲ್ಲಿ ಆರಾಮವಾಗಿ ಕೂತು ಹೊಲ ಗದ್ದೆ ನೋಡಲಿಲ್ಲ, ಕಣ್ಣು ಮುಚ್ಚಲಿಲ್ಲ. ಹೆಂಡತಿಯನ್ನು ಸುತ್ತಾಡಿಸುತ್ತೇನೆ ಅಂತ ನಾನು ಬೀಗುತ್ತಿದ್ದೆ. ಸುತ್ತಾಡಿಸುತ್ತಿದ್ದವಳು ಅವಳು.

ಮಾರನೆಯ ದಿನ ಬಸ್ಸು ಹತ್ತಿ ಮದ್ದೂರಿಗೆ ಹೋದೆ. ನಾಚಿಕೆ ಬಿಟ್ಟು ಆಸ್ಪತ್ರೆಯಲ್ಲಿ ವಿಚಾರಿಸಿದೆ. ಹೆರಿಗೆಗೆ ಬಂದ ಹೆಣ್ಣುಮಗಳಂತೆ. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರಂತೆ. ಇನ್ನೊಂದು ಸಲ ಕೇಳಿ ಖಾತ್ರಿ ಮಾಡಿಕೊಂಡು, ಅಲ್ಲೇ ಬಾಗಿಲಲ್ಲಿ ಕೈಮುಗಿದು ಬಂದೆ.

ಆದ್ದರಿಂದ ನೀನು ಹೇಳಿದ್ದನ್ನು ಒಪ್ಪಿದೆ. ಒಂದನ್ನು ಮಾತ್ರ ಒಪ್ಪುವುದಿಲ್ಲ. ಬೇರೆ ಡ್ರೈವರು ಬೇಡ. ನಿನ್ನ ಪರೀಕ್ಷೆ ಕೆಲಸ ಮುಗಿದ ರಾತ್ರಿಯೇ ಬಸ್ಸು ಹತ್ತಿ ಬಾ. ಬೆಳ್ಳಕ್ಕಿಯನ್ನು ನೀನು ಓಡಿಸು. ನಿಮ್ಮವ್ವನನ್ನು ನೀನು ಕರೆದುಕೊಂಡು ಹೋಗು, ಜೊತೆಗೆ ನನ್ನನ್ನೂ. ಕಾರು ನಿನಗೆ ದಾರಿಯಲ್ಲಿ ಒಂದು ಮಾತೂ ಆಡದ ಹಾಗೆ ಸಜ್ಜು ಮಾಡಿಕೊಡುವುದು ನನ್ನ ಜವಾಬ್ದಾರಿ. ಸೀಟನ್ನು ಮುಂದಕ್ಕೆ ಎಳೆಸಿದ್ದೇನೆ. ಕನ್ನಡಿಗಳನ್ನು ನಿನ್ನ ಎತ್ತರಕ್ಕೆ ತಿರುಗಿಸಲು ನಿಮ್ಮವ್ವನನ್ನು ನಿನ್ನ ಜಾಗದಲ್ಲಿ ಕೂರಿಸಿ ನೋಡಿದೆ, ಇಬ್ಬರದೂ ಒಂದೇ ಅಳತೆ.

ಮಿಷಿನ್ನು ಹಾಕಿಕೊಂಡಿದ್ದೇನೆ. ಕೀ ಅನ್ನುತ್ತದೆ. ಅನ್ನಲಿ.

ನಿನ್ನ ಅಪ್ಪ,
ನಿಂಗಯ್ಯ


ಶಹಾಪುರ
29 ಏಪ್ರಿಲ್ 2025

ಅಪ್ಪಾ,

ಬರುತ್ತೇನೆ.

ಉದ್ದಕ್ಕೆ ಬರೆಯಲು ಕೂತೆ, ಆಗಲಿಲ್ಲ. ಒಂದು ಮಾತು ಮಾತ್ರ. ನಮ್ಮೂರ ಕೆರೆಯ ಪಕ್ಕದ ಬಯಲಿನಲ್ಲಿ ನೀವು ನನಗೆ ಕಾರು ಕಲಿಸಿದ್ದು ನೆನಪಿದೆಯಾ? ಕುರಿಮಂದೆ ಅಡ್ಡ ಬಂದು ನಾನು ಬ್ರೇಕು ಒತ್ತುವ ಬದಲು ಸ್ಟೇರಿಂಗ್ ಬಿಟ್ಟು ಕಣ್ಣು ಮುಚ್ಚಿಕೊಂಡಿದ್ದೆ. ನೀವು ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿದಿರಿ. ಕುರಿ ಕಾಯುತ್ತಿದ್ದವರು, "ಎಣ್ಣೈಕ್ಳಿಗೆ ಯಾಕಣ್ಣಾ ಈ ಉಸಾಬರಿ" ಅಂದರು. ನೀವು ಬೈಯಲಿಲ್ಲ. ಕೀಲಿಯನ್ನು ಮತ್ತೆ ನನ್ನ ಕೈಗೇ ಕೊಟ್ಟು "ಇನ್ನೊಂದ್ಸಲ" ಅಂದಿರಿ.

ಆವತ್ತು ಹೇಳಬೇಕಾಗಿದ್ದನ್ನು ಈಗ ಹೇಳುತ್ತಿದ್ದೇನೆ. ನೀವು ನನ್ನ ಅಪ್ಪ ಆಗಿದ್ದಕ್ಕೆ ನನಗೆ ಹೆಮ್ಮೆ.

ಸೌಮ್ಯ


ಶಹಾಪುರ
23 ಮೇ 2025

ಪ್ರೀತಿಯ ಅಪ್ಪಾ, ಅವ್ವಾ,

ನೀವಿಬ್ಬರೂ ರೈಲಿನಲ್ಲಿ ಸುಖವಾಗಿ ತಲುಪಿದ್ದು ಕೇಳಿ ನಿರಾಳವಾಯಿತು. ಮನೆ ಬಣಗುಡುತ್ತಿದೆ. ಆದರೆ ಬಾಗಿಲ ಮುಂದೆ ಬೇವಿನ ನೆರಳಲ್ಲಿ ಬೆಳ್ಳಕ್ಕಿ ನಿಂತಿದೆ. ಅದನ್ನು ನೋಡಿದರೆ ಊರೇ ಬಂದು ನಿಂತ ಹಾಗಿದೆ.

ಅಪ್ಪಾ, ನಾನು ಅಷ್ಟು ದೂರ ಒಬ್ಬಳೇ ಓಡಿಸಿದೆ ಅಂತ ಕಾಲೇಜಿನಲ್ಲಿ ಎಲ್ಲರೂ ಬೆನ್ನು ತಟ್ಟುತ್ತಾರೆ. ಒಬ್ಬಳೇ ಎಲ್ಲಿ ಬಂತು? ನಿಲ್ಲಿಸಿದಲ್ಲೆಲ್ಲ ನೀವು ಇಳಿದು ಟೈರಿನ ಮೇಲೆ ಅಂಗೈ ಇಟ್ಟು, ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ, ನೋಡುತ್ತಿದ್ದಿರಿ. ಬಿಸಿಲು ಏರಿದ ಕೂಡಲೇ ಚಿತ್ರದುರ್ಗದಲ್ಲಿ ನಿಲ್ಲಿಸಲು ಹೇಳಿದವರು ನೀವು. ಸಿಂಧನೂರಿನ ಕೆಂಡದ ಬಿಸಿಲಿನಲ್ಲೂ ಕಾವಿನ ಮುಳ್ಳು ಅರ್ಧದಿಂದ ಮೇಲೆ ಏಳಲಿಲ್ಲ. ಎದುರಿಗೆ ಎರಡು ಕಾರು ಬಾನೆಟ್ಟು ಎತ್ತಿಕೊಂಡು ನಿಂತಿದ್ದವು. ನೀವು ಅವರಿಗೆ ನಮ್ಮ ಕ್ಯಾನಿನ ನೀರು ಕೊಟ್ಟು, ಕಾದ ರೇಡಿಯೇಟರಿನ ಮುಚ್ಚಳ ಈಗಲೇ ತೆಗೆಯಬೇಡಿ ಅಂತ ಹೇಳಿ ಬಂದಿರಿ. ರಾಗಿ ಹಿಟ್ಟಿನ ವಿಷಯ ಮಾತ್ರ ಹೇಳಲಿಲ್ಲ.

ಅವ್ವಾ, ಈಗ ನಿನ್ನ ವಿಷಯ. ತಿಂಥಣಿ ಸೇತುವೆಯ ಹತ್ತಿರ ಹಿಂದಿನ ಬಸ್ಸು ಹಾರ್ನ್ ಮಾಡಿತು. ನನಗೂ ಕೇಳಿಸಿತು. ಆದರೆ ನಾನು ಸರಿಯುವ ಮೊದಲೇ ನಿನ್ನ ಕೈ ಬಂದು ನನ್ನ ಎಡ ಮೊಣಕಾಲಿಗೆ ತಟ್ಟಿತು. ನೀನು ನಾಲಿಗೆ ಕಚ್ಚಿಕೊಂಡು "ಮರ್ತೇ ಓಯ್ತು ಕಣವ್ವ, ನಿಂಗೆ ಕಿವಿ ಕೇಳುಸ್ತದೆ ಅಂತ" ಅಂದೆ. ನಾನು ಪಕ್ಕಕ್ಕೆ ಸರಿದು ಬಸ್ಸಿಗೆ ದಾರಿ ಬಿಟ್ಟೆ. ರಸ್ತೆ ಒಂದಿಷ್ಟು ಮಸುಕಾಗಿತ್ತು. ಅಪ್ಪ ಇಷ್ಟು ವರ್ಷ ಯಾರ ಭರವಸೆಯ ಮೇಲೆ ಓಡಿಸುತ್ತಿದ್ದರು ಅಂತ ಆ ಒಂದು ತಟ್ಟಿನಲ್ಲಿ ತಿಳಿಯಿತು. ಆಮೇಲೆ ನೀನು ನಿದ್ದೆ ಮಾಡಿದೆ. ಬಾಯಿ ತೆರೆದುಕೊಂಡು, ಸಣ್ಣಗೆ ಗೊರಕೆ ಹೊಡೆಯುತ್ತಾ. ನಾನು ಕನ್ನಡಿಯಲ್ಲಿ ನೋಡಿದೆ, ಅಪ್ಪ ಹಿಂದಿನಿಂದ ನಿನ್ನನ್ನೇ ನೋಡುತ್ತಾ ನಗುತ್ತಿದ್ದರು.

ಸನ್ನತಿಯಲ್ಲಿ ಕಲ್ಲುಗಳ ಹತ್ತಿರ ದೀಪ ಹಚ್ಚುವ ಹಾಗಿಲ್ಲ ಅಂದಾಗ ನೀನು ಬೇಜಾರು ಮಾಡಿಕೊಳ್ಳಲಿಲ್ಲ. ಬೇಲಿಯ ಹೊರಗೆ ಮಣ್ಣಿನಲ್ಲಿ ಕೂತು, ಗಾಳಿಗೆ ಕೈ ಅಡ್ಡ ಹಿಡಿದು ಹಚ್ಚಿದೆ. ಏನು ಕೇಳಿಕೊಂಡೆ ಅಂದರೆ "ಏನೂ ಇಲ್ಲ, ಬಂದಿದ್ದೀನಿ ಅಂತ ಏಳ್ದೆ ಅಷ್ಟೇಯ" ಅಂದೆ.

ಅಪ್ಪಾ, ಯಾದಗಿರಿ ಸ್ಟೇಷನ್ನಿನಲ್ಲಿ ನೀವು ಕಾರು ಇನ್ನು ನಿನ್ನದೇ ಅಂತ ಕೀಲಿ ಕೊಟ್ಟಾಗ ನಾನು ಬೇಡ ಅಂದೆ. "ನಿಮ್ಮವ್ವ ಬಿಸ್ಲಲ್ಲಿ ನೀನು ಬಸ್ಸಿಗೆ ಕಾಯೋದ್ನ ನೋಡವ್ಳೆ" ಅಂದು ರೈಲು ಹತ್ತಿಬಿಟ್ಟಿರಿ. ನಿನ್ನೆ ಡಿಕ್ಕಿ ತೆಗೆದು ನೋಡಿದೆ. ಮಿಲ್ಲಿನ ಹಳೇ ತಗಡಿಗೆ ಕೆಂಪು ಬಣ್ಣ ಬಳಿದು ಮಾಡಿದ, ಕಾರು ಕೆಟ್ಟರೆ ರಸ್ತೆಯಲ್ಲಿ ಇಡುವ ಮುಕ್ಕೋನ, ಹೊಸ ಜಾಕು, ಗಾಯಕ್ಕೆ ಕಟ್ಟುವ ಬಟ್ಟೆ. ಮೂಲೆಯಲ್ಲಿ ಒಂದು ಪೊಟ್ಟಣ ರಾಗಿ ಹಿಟ್ಟು, ಅದರ ಮೇಲೆ ನಿಮ್ಮ ದುಂಡು ಅಕ್ಷರ: "ಇದು ನಿನಗೆ, ಕಾರಿಗಲ್ಲ."

ಬೀದಿಯಲ್ಲಿ ನಿಂತುಕೊಂಡೇ ನಕ್ಕೆ, ಅತ್ತೆ. ಇಬ್ಬರಿಗೂ ಋಣಿ.

ಸೌಮ್ಯ


ಬಂಡೂರು
11 ಜೂನ್ 2025

ಮಗಳು ಸೌಮ್ಯಳಿಗೆ ಜೈಭೀಮ್.

ನಮಗೆ ಋಣಿ ಗಿಣಿ ಅಂತೆಲ್ಲ ಬರೆಯಬೇಡ, ಓದಿ ನಿಮ್ಮವ್ವ ಸಂಜೆವರೆಗೂ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಮಳೆ ಶುರುವಾಗಿದೆ. ಅಲ್ಲೂ ಆಗಿದ್ದರೆ ವೈಪರಿನ ರಬ್ಬರು ಬದಲಾಯಿಸು, ಬಿಸಿಲಿಗೆ ಅದು ಸೆಟೆದುಕೊಂಡಿರುತ್ತದೆ. ಕೊಟ್ಟಿಗೆ ಖಾಲಿ ಬಿಡಬಾರದು ಅಂತ ಎರಡು ಬಂಡೂರು ಕುರಿಮರಿ ತಂದು ಕಟ್ಟಿದ್ದೇನೆ. ಬೆಳ್ಳಕ್ಕಿ ನಿಲ್ಲುತ್ತಿದ್ದ ಜಾಗದಲ್ಲೇ ಮಲಗುತ್ತವೆ. ಕಾರು ಕೊಟ್ಟು ಬೇಜಾರಾಯಿತಾ ಅಂತ ಮಹದೇವು ಕೇಳಿದ. ಆಯಿತು, ಸುಳ್ಳು ಯಾಕೆ ಹೇಳಲಿ. ಮೊದಲೆರಡು ದಿನ ಸಂಜೆಯಾದರೆ ಕಾಲು ಆ ಕಡೆಗೇ ಹೋಗುತ್ತಿತ್ತು. ಈಗ ನಾವು ಬಸ್ಸಿನಲ್ಲಿ ಹೋಗುತ್ತೇವೆ. ಕಿಟಕಿ ಪಕ್ಕ ಅವಳನ್ನು ಕೂರಿಸುತ್ತೇನೆ. ಗದ್ದೆ ನಾಟಿ, ಕಬ್ಬು, ಯಾರ ಮನೆ ಎತ್ತರವಾಯಿತು ಎಲ್ಲ ನೋಡಿ ನೋಡಿ ನನಗೆ ತೋರಿಸುತ್ತಾಳೆ. ಇಷ್ಟು ಮಾತು ಅವಳೊಳಗೆ ಇತ್ತು ಅಂತ ನನಗೆ ಗೊತ್ತೇ ಇರಲಿಲ್ಲ.

ಆದರೆ ಆ ತಟ್ಟುವ ಅಭ್ಯಾಸ ಬಿಟ್ಟಿಲ್ಲ ಕಣವ್ವ. ಈಗ ಮನೆಯಲ್ಲಿ ಶುರುವಾಗಿದೆ. ಕುಕ್ಕರ್ ಕೂಗಿದರೆ ಮೊಣಕಾಲಿಗೆ ಒಂದು, ಬಾಗಿಲಲ್ಲಿ ಯಾರಾದರೂ ಕರೆದರೆ ಒಂದು. ಮರಿಗಳು ಅರಚಿದರೆ ಚಿವುಟುತ್ತಾಳೆ. ಮಿಷಿನ್ನು ಹಾಕಿಕೊಂಡಿದ್ದೇನೆ ಕಣೆ, ನನಗೂ ಒಂದಿಷ್ಟು ಕೇಳಿಸುತ್ತದೆ ಅಂತ ನಾನು ಹೇಳುವುದಿಲ್ಲ. ಹೇಳಿದರೆ ನಿಲ್ಲಿಸಿಬಿಟ್ಟಾಳು.

ಇದೋ, ಈಗ ತಾನೆ ಒಂದು ಸಲ ತಟ್ಟಿದಳು. "ಪೋಸ್ಟ್‌ಮ್ಯಾನ್ ಬೆಲ್ ಒಡಿತಾವ್ನೆ, ಮಗಳ ಕಾಗ್ದ ಇರ್ಬೇಕು, ಏಳಿ" ಅನ್ನುತ್ತಿದ್ದಾಳೆ. ಬೆಲ್ಲು ನನಗೂ ಕೇಳಿಸಿತ್ತು. ಅವಳು ತಟ್ಟಲಿ ಅಂತ ಕೂತಿದ್ದೆ. ಏಳುತ್ತೇನೆ.

ನಿನ್ನ ಅಪ್ಪ,
ನಿಂಗಯ್ಯ